ಒರಗಿಸಿಟ್ಟ ಮಾಪ್

ನನ್ನ ತಂಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಚಿಕ್ಕಂದಿನಲ್ಲಿ ಅಮ್ಮ ಒಂದೇ ಬಟ್ಟೆಯಲ್ಲಿ ಇಬ್ಬರಿಗೂ ಫ್ರಾಕ್ ಹೊಲಿಯುತ್ತಿದ್ದಳು. ಉಳಿದ ಚೂರಿನಲ್ಲಿ ನೆರಿಗೆ ಹಿಡಿದು ಅವಳ ಫ್ರಾಕಿನ ಅಂಚಿಗೆ ಮಾತ್ರ ಹಚ್ಚುತ್ತಿದ್ದಳು. ನನಗೆ ಯಾಕಿಲ್ಲ ಎಂದು ಕೇಳಿದರೆ, "ನಿನ್ನ ಮೈಗೇ ಅಷ್ಟೊಂದು ಬಟ್ಟೆ ಹಿಡಿಯುತ್ತಲ್ಲೇ" ಅನ್ನುವಳು. ಈಗ ಅಮ್ಮ ಇರುವುದೂ ತಂಗಿಯ ಮನೆಯಲ್ಲೇ. ನಮ್ಮ ಮನೆಯ ಮೆಟ್ಟಿಲು ಅವಳ ಮಂಡಿಗೆ ಆಗುವುದಿಲ್ಲವಂತೆ. ತಂಗಿಯ ಮನೆಗೂ ಮೆಟ್ಟಿಲುಗಳಿವೆ, ನಮ್ಮದಕ್ಕಿಂತ ಕಡಿದಾಗಿಯೇ ಇವೆ. ಅವು ಮಂಡಿಗೆ ಆಗುತ್ತವೆ.

ಇಷ್ಟು ಸಾಲದು ಅಂತ ನಮ್ಮವರು ತಮ್ಮ ಷಡ್ಡಕನನ್ನು, ಅಂದರೆ ತಂಗಿಯ ಗಂಡನನ್ನು, ತಮ್ಮ ಕಾರ್ಖಾನೆಗೇ ಕರೆದುಕೊಂಡು ಹೋಗಿ ಸೇರಿಸಿದರು. ಬಕೆಟ್ಟು, ಮೊರ, ಪೊರಕೆ, ಮಾಪ್ ಇಂಥವನ್ನು ಮಾಡುವ ಕಾರ್ಖಾನೆ ಅದು. ಇವರು ಅಲ್ಲಿ ವಿನ್ಯಾಸದ ವಿಭಾಗದಲ್ಲಿದ್ದಾರೆ. ಒಂದೇ ಮನೆಯ ಇಬ್ಬರು ಅಳಿಯಂದಿರು ಒಂದೇ ಕೋಣೆಯಲ್ಲಿ ಕೂರುವುದು ಬೇಡ ಎಂದು ನಾನು ಬಡಕೊಂಡೆ. "ಒಳ್ಳೆ ತಲೆ ಇದೆ ಕಣೇ ಅವನಿಗೆ" ಅಂದರು. ತಲೆ ಇದೆ ಅನ್ನುವುದಕ್ಕೇ ನಾನು ಬೇಡ ಅಂದಿದ್ದು.

ಹೋದ ವರ್ಷ ಆ ಕಾರ್ಖಾನೆಗೆ ಒಂದು ಹುಚ್ಚು ಹಿಡಿಯಿತು. ಬಕೆಟ್ಟಿಲ್ಲದೆ ನೆಲ ಒರೆಸುವ ಮಾಪ್ ಬೇಕು, ತೊಳೆಯುವ ದ್ರವ ಅದರಲ್ಲೇ ಇರಬೇಕು, ಬೇಕಾದಾಗ ಅದೇ ಬಿಟ್ಟುಕೊಳ್ಳಬೇಕು. ವಿಭಾಗದ ಮುಖ್ಯಸ್ಥರು ನಿವೃತ್ತಿಯ ಅಂಚಿನಲ್ಲಿದ್ದರು. ಯಾರ ಮಾಪ್ ಅಚ್ಚಿಗೆ ಹೋಗಿ ಮಾರಾಟಕ್ಕೆ ತಯಾರಾಗುತ್ತದೋ ಅವರೇ ತಮ್ಮ ಕುರ್ಚಿಯಲ್ಲಿ ಕೂರಲಿ ಎಂದು ಅವರು ಬಾಯಿಬಿಟ್ಟೇ ಹೇಳಿದ್ದರು. ಅನೇಕರು ಗೀಚಿದರು, ಕತ್ತರಿಸಿದರು, ಅಂಟಿಸಿದರು. ಕೊನೆಗೆ ಉಳಿದದ್ದು ಎರಡೇ ಮಾಪ್. ಒಂದು ನಮ್ಮವರದು, ಇನ್ನೊಂದು ತಂಗಿಯ ಗಂಡನದು. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮವರ ಮಾಪಿನಲ್ಲಿ ಕೋಲಿನ ನಡುವೆ ಒಂದು ಬಾಟಲಿ, ಮೇಲೆ ಹಿಡಿಯ ಹತ್ತಿರ ಒಂದು ಲಿವರ್. ಹೆಬ್ಬೆರಳಿನಿಂದ ಲಿವರ್ ಒತ್ತಿದರೆ ಒಳಗಿನ ತಂತಿ ಮುಚ್ಚಳ ಎತ್ತಿ, ದ್ರವ ಮುಂದಕ್ಕೆ ಚಿಮ್ಮುತ್ತದೆ. ನಮ್ಮವರಿಗೆ ಸೋರುವುದೆಂದರೆ ಆಗದು. ಮನೆಯ ನಲ್ಲಿ ಒಂದು ಹನಿ ತೊಟ್ಟಿಕ್ಕಿದರೂ ಸ್ಪ್ಯಾನರ್ ಹಿಡಿದು ಏಳುವ ಪೈಕಿ. ಹಾಗಾಗಿ ಒಳಗೆ ಬಿಗಿಯಾದ ಸ್ಪ್ರಿಂಗ್ ಕೂರಿಸಿದ್ದರು. ಅವರ ಷಡ್ಡಕನ ಮಾಪಿನಲ್ಲೂ ಬಾಟಲಿ ಇದೆ, ಲಿವರ್ ಮಾತ್ರ ಇಲ್ಲ. ಕೋಲನ್ನು ಸ್ವಲ್ಪ ಕೆಳಗೆ ಅದುಮಿದರೆ ಸಾಕು, ಒಳಗಿನ ಮುಚ್ಚಳ ತೆರೆದು ಬುಡದ ಹಲಗೆಯ ತೂತುಗಳಿಂದ ದ್ರವ ಬಟ್ಟೆಗೆ ಇಳಿಯುತ್ತದೆ. ಕಲೆ ಕಂಡಲ್ಲಿ ಕೈ ತಾನಾಗಿಯೇ ಅದುಮುತ್ತದಲ್ಲ, ಅಲ್ಲಿ ಹೆಚ್ಚು ಇಳಿಯುತ್ತದೆ. ಇದನ್ನು ನಮ್ಮವರೇ ನನಗೆ ವಿವರಿಸಿದ್ದು, ಕಣ್ಣರಳಿಸಿಕೊಂಡು. ಎದುರಾಳಿಯ ಮಾಪನ್ನು ಹೀಗೆ ಹೊಗಳುವ ಗಂಡನನ್ನು ಕಟ್ಟಿಕೊಂಡರೆ ಹೆಂಡತಿಯಾದವಳು ಇಬ್ಬರ ಪಾಲಿನ ಹೊಟ್ಟೆಕಿಚ್ಚನ್ನೂ ತಾನೇ ಪಡಬೇಕಾಗುತ್ತದೆ.

ಅಲ್ಲಿನ ಪದ್ಧತಿಯೂ ವಿಚಿತ್ರ. "ಮಾಡಿದವನ ಮನೆಯಲ್ಲಿ ಮಾಪ್ ಯಾವಾಗ್ಲೂ ಚೆನ್ನಾಗೇ ಇರುತ್ತೆ" ಅನ್ನುವುದು ಮುಖ್ಯಸ್ಥರ ಮಾತು. ಆದ್ದರಿಂದ ಒಬ್ಬರು ಮಾಡಿದ್ದನ್ನು ಇನ್ನೊಬ್ಬರ ಮನೆಯಲ್ಲಿ ಬಳಸಿ ನೋಡಬೇಕು. ಬಳಸಿದವರೇ ಕಾರ್ಖಾನೆಗೆ ಬಂದು ಎಲ್ಲರೆದುರು ಬಾಯಲ್ಲಿ ಹೇಳಬೇಕು. ಅಲ್ಲಿಯವರೆಗೆ ಮಾಡಿದವನಿಗೆ ಏನೂ ಹೇಳಬಾರದು. ಉಳಿದದ್ದು ಎರಡೇ ಆದ್ದರಿಂದ ನಮ್ಮವರ ಮಾಪ್ ತಂಗಿಯ ಮನೆಗೆ ಹೋಯಿತು, ಅವಳ ಗಂಡನದು ನನ್ನ ಮನೆಗೆ ಬಂತು. ಅಕ್ಕತಂಗಿಯರು ಅಂತ ಗೊತ್ತಾದಾಗ ಮುಖ್ಯಸ್ಥರು ನಕ್ಕುಬಿಟ್ಟರಂತೆ. ಅವರಿಗೆ ಅಕ್ಕತಂಗಿಯರಿಲ್ಲ ಅಂತ ಕಾಣುತ್ತದೆ.

ಮೊದಲ ದಿನ ಮುಖ ಸಿಂಡರಿಸಿಕೊಂಡೇ ಆ ಮಾಪ್ ಕೈಗೆತ್ತಿಕೊಂಡೆ. ಅಡುಗೆಮನೆ ಮುಗಿಸಿ, ನಡುಮನೆ ಮುಗಿಸಿ, ಮಲಗುವ ಕೋಣೆಯ ಮಂಚದಡಿಗೂ ತೂರಿಸಿ ಎದ್ದು ನಿಂತರೆ ಸೊಂಟ ಹಿಡಿದಿರಲಿಲ್ಲ. ನೆಲ ಆಗಲೇ ಒಣಗಿತ್ತು. ಬಕೆಟ್ಟು ಎಳೆದಾಡುವುದಿಲ್ಲ, ಬಟ್ಟೆ ಹಿಂಡುವುದಿಲ್ಲ. ಮಾಪ್ ಎಷ್ಟು ಹಗುರ ಓಡಿತೋ ನನ್ನ ಮನಸ್ಸು ಅಷ್ಟೇ ಭಾರವಾಯಿತು. ಬೇಕೆಂದೇ ಒಲೆಯ ಪಕ್ಕ ಎಣ್ಣೆ ಚೆಲ್ಲಿದೆ. ಎರಡು ಸಲ ಅದುಮಿ ಎಳೆದೆ, ಎಣ್ಣೆ ಹೋಯಿತು. ಫ್ರಿಜ್ಜಿನ ಹಿಂದಿನ ಜಿಡ್ಡು, ಬಾಗಿಲ ಸಂದಿಯ ಮಣ್ಣು, ಬಚ್ಚಲ ಹೊಸ್ತಿಲ ಪಾಚಿ ಎಲ್ಲದರ ಮೇಲೂ ಓಡಿಸಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಕೊಂಕು ತೆಗೆಯಲು ಏನೂ ಸಿಗಲಿಲ್ಲ.

ನಡುವೆ ತಂಗಿ ಫೋನ್ ಮಾಡಿದಳು. "ಅಕ್ಕಾ, ಹೇಗಿದೆ ನಮ್ಮನೆಯವರ ಮಾಪು?"

"ಹೇಳಬಾರದು ಅಂದಿದ್ದಾರಲ್ಲ."

"ಅಯ್ಯೋ, ನನ್ನ ಹತ್ರಾನೂ ಹೇಳಬಾರದಾ?"

"ನಿನ್ನ ಹತ್ರ ಹೇಳಿದ್ರೆ ಅವನ ಹತ್ರ ಹೇಳಿದ ಹಾಗೇ ತಾನೇ."

ಅವಳು ನಕ್ಕಳು. "ಸರಿ ಬಿಡು. ಹಾಗಾದ್ರೆ ಭಾವನದ್ದು ನಾನೂ ಹೇಳಲ್ಲ." ಹಿಂದುಗಡೆ ಅಮ್ಮನ ದನಿ ಕೇಳಿಸಿತು. "ಪುಟ್ಟೀ, ನೆಲ ನಾಳೆ ಒರೆಸೋವಂತೆ, ಕೈಗೆ ಸ್ವಲ್ಪ ಬಿಡುವು ಕೊಡೇ." ಮದುವೆಯಾಗಿ ಮಕ್ಕಳು ಶಾಲೆಗೆ ಹೋಗುತ್ತಿದ್ದರೂ ಅಮ್ಮನಿಗೆ ಅವಳು ಇನ್ನೂ ಪುಟ್ಟಿ. ನನ್ನ ಕೈಗೆ ಬಿಡುವು ಕೊಡು ಎಂದು ಇವತ್ತಿನವರೆಗೆ ಯಾರೂ ಅಂದಿಲ್ಲ.

ಮಾರನೆಯ ಬೆಳಗ್ಗೆ ಬಾಟಲಿ ತುಂಬಿಸಿ, ಮಾಪನ್ನು ಅಡುಗೆಮನೆಯ ಬಾಗಿಲ ಹಿಂದೆ ಗೋಡೆಗೆ ಒರಗಿಸಿ, ಬಟ್ಟೆ ಒಣಗಿಹಾಕಲು ಹೋದೆ. ತಿರುಗಿ ಬಂದಾಗ ಬಾಗಿಲ ಬಳಿ ಅಂಗೈಯಗಲ ದ್ರವ ನಿಂತಿತ್ತು. ಮೊದಲು ಫ್ರಿಜ್ಜನ್ನು ಬೈದೆ. ಆಮೇಲೆ ಬಗ್ಗಿ ಮೂಸಿ ನೋಡಿದೆ. ಒರೆಸಿ, ಮಾಪನ್ನು ಮತ್ತೆ ಹಾಗೆಯೇ ಒರಗಿಸಿ, ಎದುರಿಗೆ ಸ್ಟೂಲ್ ಹಾಕಿಕೊಂಡು ಕುಳಿತೆ. ಸ್ವಲ್ಪ ಹೊತ್ತಿಗೆ ಬುಡದಿಂದ ಒಂದು ಹನಿ ಇಣುಕಿತು, ಅದರ ಹಿಂದೆಯೇ ಇನ್ನೊಂದು.

ನನಗೆ ತಕ್ಷಣ ಅರ್ಥವಾಯಿತು. ತುಂಬಿದ ಬಾಟಲಿಯ ತೂಕ ಕೋಲನ್ನು ಅದುಮುತ್ತದೆ, ಅದುಮಿದರೆ ಮುಚ್ಚಳ ತೆರೆಯುತ್ತದೆ. ಕಾರ್ಖಾನೆಯ ಕೋಣೆಯಲ್ಲಿ ಮಾಪ್‌ಗಳನ್ನೆಲ್ಲ ಗೋಡೆಯ ಕೊಕ್ಕೆಗಳಿಗೆ ಸಾಲಾಗಿ ತೂಗುಹಾಕುತ್ತಾರೆ. ಅಲ್ಲಿ ಯಾವ ಮಾಪೂ ತನ್ನ ಕಾಲ ಮೇಲೆ ನಿಂತದ್ದಿಲ್ಲ. ಮನೆಯಲ್ಲಿ ಯಾರು ತೂಗುಹಾಕುತ್ತಾರೆ? ಎಲ್ಲರೂ ಬಾಗಿಲ ಹಿಂದೆ ಒರಗಿಸುವವರೇ. ಅಷ್ಟು ದೊಡ್ಡ ತಲೆಗೆ ಇಷ್ಟು ಹೊಳೆದಿರಲಿಲ್ಲ.

ನನಗಾದ ಸಂತೋಷ ಅಷ್ಟಿಷ್ಟಲ್ಲ. ಒಂದು ಲೋಟ ಚಹಾ ಮಾಡಿಕೊಂಡು, ಆ ಹನಿಗಳನ್ನೇ ನೋಡುತ್ತಾ ಪೂರ್ತಿ ಕುಡಿದೆ. ಒಂದು ಫೋನ್ ಮಾಡಿದ್ದರೆ ಸಾಕಿತ್ತು, ಅವನು ಎರಡು ದಿನದಲ್ಲಿ ಸರಿಮಾಡಿಬಿಡುತ್ತಿದ್ದ. ಅದು ಗೊತ್ತಿದ್ದೇ ನಾನು ಫೋನ್ ಮಾಡಲಿಲ್ಲ. ನಮ್ಮವರಿಗೂ ಹೇಳಲಿಲ್ಲ. ಅವರಿಗೆ ಹೇಳಿದರೆ ಅವರೇ ಓಡಿಹೋಗಿ ಷಡ್ಡಕನ ಕಿವಿಗೆ ಹಾಕುತ್ತಾರೆ. ಮಾಡಿದವನಿಗೆ ಹೇಳಬಾರದು ಅನ್ನುವುದು ನಿಯಮ ತಾನೇ? ನಿಯಮವನ್ನು ಇಷ್ಟು ಪ್ರೀತಿಯಿಂದ ನಾನು ಇನ್ನೆಂದೂ ಪಾಲಿಸಿಲ್ಲ.

ಹೇಳುವ ದಿನ ನಾವು ಅಕ್ಕತಂಗಿಯರಿಬ್ಬರೂ ಕಾರ್ಖಾನೆಗೆ ಹೋದೆವು. ಉದ್ದನೆಯ ಮೇಜು, ಸುತ್ತ ವಿಭಾಗದವರು, ಗೋಡೆಯ ಮೇಲೆ ಕೊಕ್ಕೆಗೆ ನೇತುಹಾಕಿದ ಮಾಪ್‌ಗಳ ಸಾಲು. ತಂಗಿ ನನ್ನೆದುರಿಗೆ ಕುಳಿತಿದ್ದಳು. ಬಲಗೈಯನ್ನು ಚೀಲದ ಪಟ್ಟಿಯಲ್ಲಿ ಸುತ್ತಿಕೊಂಡು ಮಡಿಲಲ್ಲಿಟ್ಟುಕೊಂಡಿದ್ದಳು. ಹೊಸ ಚೀಲ ಎಲ್ಲರಿಗೂ ಕಾಣಲಿ ಅಂತ ಇರಬೇಕು ಎಂದುಕೊಂಡೆ.

ಮುಖ್ಯಸ್ಥರು ಮೊದಲು ಅವಳನ್ನು ಕೇಳಿದರು. "ಚೆನ್ನಾಗಿದೆ ಸರ್" ಅಂದಳು. "ಗಟ್ಟಿಮುಟ್ಟಾಗಿದೆ. ಒಂದು ಹನಿನೂ ಸೋರಲ್ಲ. ದಿನಾ ಒರೆಸಿದೀನಿ."

"ತೊಂದರೆ ಏನಾದ್ರೂ?"

ಅವಳು ನಮ್ಮವರ ಕಡೆ ನೋಡಿದಳು, ಆಮೇಲೆ ನನ್ನ ಕಡೆ. "ಏನಿಲ್ಲ ಸರ್."

ನೋಡಿ, ಅಲ್ಲೂ ಒಳ್ಳೆಯವಳೆನಿಸಿಕೊಂಡಳು. ಗಂಡನ ಎದುರಾಳಿಯನ್ನು ಹೊಗಳಿ ಕೋಣೆಯವರ ಮನಸ್ಸನ್ನೆಲ್ಲ ಚೀಲಕ್ಕೆ ಹಾಕಿಕೊಂಡಳು. ನನ್ನ ಪಿತ್ತ ನೆತ್ತಿಗೇರಿತು. ನನ್ನ ಸರದಿ ಬಂದಾಗ ನಾನು ಏನೂ ವರ್ಣಿಸಲಿಲ್ಲ. ಬಾಟಲಿ ತುಂಬಿಸಲು ಹೇಳಿದೆ, ಮಾಪನ್ನು ತೆಗೆದುಕೊಂಡು ಹೋಗಿ ಮುಖ್ಯಸ್ಥರ ಹಿಂದಿನ ಗೋಡೆಗೆ ಒರಗಿಸಿದೆ. ನೆಲ ಚೆನ್ನಾಗಿ ಒರೆಸುತ್ತದೆ, ಸೊಂಟಕ್ಕೆ ಸುಖ ಎಂದು ನಿಧಾನವಾಗಿ, ಪ್ರಾಮಾಣಿಕವಾಗಿ ಹೇಳುತ್ತಾ ಹೋದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಆಮೇಲೆ, "ಒಂದು ಸಲ ಹಿಂದೆ ನೋಡಿ ಸರ್" ಅಂದೆ. ದ್ರವ ಅವರ ಚಪ್ಪಲಿಯ ಹಿಮ್ಮಡಿ ಮುಟ್ಟಿತ್ತು.

ತಂಗಿಯ ಗಂಡನ ಮುಖ ಕಪ್ಪಿಟ್ಟಿತು. ಎದ್ದು ಹೋಗಿ ಮಾಪಿನ ಮುಂದೆ ಮಂಡಿಯೂರಿ ಕುಳಿತು, ಬುಡ ಎತ್ತಿ ನೋಡಿದ. "ಒಂದು ಸಣ್ಣ ಕೊಂಡಿ ಹಾಕಿದ್ರೆ ನಿಂತುಹೋಗುತ್ತೆ ಸರ್. ಎರಡು ದಿನ ಕೊಡಿ."

"ಅಚ್ಚಿನವರಿಗೆ ನಾಳೆ ನಕ್ಷೆ ಕಳಿಸಬೇಕು. ಮುಂಚೆ ಗೊತ್ತಾಗಿದ್ರೆ ಬೇರೆ ಮಾತು" ಅಂದರು ಮುಖ್ಯಸ್ಥರು. ಅವನು ಮಾಪನ್ನು ಎತ್ತಿ ಕೊಕ್ಕೆಗೆ ತೂಗುಹಾಕಿದ. ನಮ್ಮವರ ಮಾಪ್ ಅಚ್ಚಿಗೆ ಹೋಯಿತು.

ಮನೆಗೆ ಬರುವಾಗ ಬಸ್ಸಿನಲ್ಲಿ ನಮ್ಮವರು ಕಿಟಕಿಯಾಚೆಗೆ ನೋಡುತ್ತಿದ್ದರು. "ಸೋರೋದು ನಿನಗೆ ಯಾವಾಗ ಗೊತ್ತಾಯ್ತು?"

"ಬಂದ ವಾರದಲ್ಲೇ."

"ನನಗಾದ್ರೂ ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀವು ಸುಮ್ನಿರ್ತಿದ್ರಾ?"

ಕಾರ್ಖಾನೆಯಲ್ಲಿ ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದನ್ನು ಅವರಿಗೂ ಹೇಳಿದೆ. "ಸುಳ್ಳು ಅಂತ ನಾನೆಲ್ಲಿ ಅಂದೆ" ಎಂದು ಮತ್ತೆ ಕಿಟಕಿಯ ಕಡೆ ತಿರುಗಿದರು.

ನಮ್ಮವರು ಕುರ್ಚಿಯಲ್ಲಿ ಕುಳಿತರು. ಅಚ್ಚಿನಿಂದ ಬಂದ ಮೊದಲ ಮಾಪ್ ನನ್ನ ಮನೆಗೇ ಬಂತು. ನೀಲಿ ಕೋಲು, ಬಿಳಿ ಬಾಟಲಿ, ನೋಡಲು ಲಕ್ಷಣವಾಗಿತ್ತು. ಲಿವರ್ ಒತ್ತಿದೆ. ಒತ್ತಲಾಗಲಿಲ್ಲ. ಹಲ್ಲು ಕಚ್ಚಿ ಒತ್ತಿದೆ, ಚಿಮ್ಮಿತು. ಅಡುಗೆಮನೆ ಮುಗಿಯುವಷ್ಟರಲ್ಲಿ ಹೆಬ್ಬೆರಳು ಕೆಂಪಾಗಿತ್ತು, ವಾರ ಕಳೆಯುವಷ್ಟರಲ್ಲಿ ಗುಳ್ಳೆ ಎದ್ದಿತ್ತು. ನಮ್ಮವರ ಕೈ ದೊಡ್ಡದು, ಅವರಿಗೆ ಲಿವರ್ ಬೆಣ್ಣೆಯ ಹಾಗೆ ಇಳಿಯುತ್ತದೆ. ಗಂಡ ಗೆದ್ದ ಮಾಪಿನ ಬಗ್ಗೆ ಗಂಡನ ಹತ್ತಿರವೇ ದೂರುವುದು ಹೇಗೆ? ಬೆರಳನ್ನು ಅಂಗೈಯೊಳಗೆ ಮಡಚಿಕೊಂಡು ಓಡಾಡಿದೆ.

ಹಾಗಿರುವಾಗ ಒಂದು ಭಾನುವಾರ ಅಮ್ಮನನ್ನು ನೋಡಲು ತಂಗಿಯ ಮನೆಗೆ ಹೋದೆ. ತಂಗಿ ನಡುಮನೆ ಒರೆಸುತ್ತಿದ್ದಳು, ಅದೇ ಸೋರುವ ಮಾಪಿನಲ್ಲಿ. ಕಾರ್ಖಾನೆಗೆ ಬೇಡವಾದದ್ದನ್ನು ಅವಳ ಗಂಡ ಮನೆಗೆ ತಂದು ಬುಡಕ್ಕೆ ಒಂದು ಕೊಂಡಿ ಹಾಕಿಕೊಟ್ಟಿದ್ದ. ಈಗ ಅದು ಎಲ್ಲಿ ಒರಗಿಸಿದರೂ ಸೋರುವುದಿಲ್ಲವಂತೆ. ಅಮ್ಮ ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕುಳಿತಿದ್ದಳು. ತಂಗಿ ಒಂದೇ ಕೈಯಲ್ಲಿ ಅದುಮುತ್ತಾ, ನನ್ನ ಜೊತೆ ಹರಟುತ್ತಾ, ಅಮ್ಮನ ಕುರ್ಚಿಯಡಿಯಿಂದ ಮಾಪನ್ನು ಎಳೆದುಕೊಂಡಳು. ನಾನು ಗೆದ್ದಿದ್ದೆ. ಒಳ್ಳೆಯ ಮಾಪ್ ಮಾತ್ರ ಅವಳ ಮನೆಯಲ್ಲಿತ್ತು.

ಚಹಾ ಕೊಡುವಾಗ ಅವಳು ನನ್ನ ಬೆರಳು ನೋಡಿಬಿಟ್ಟಳು. ಕೈ ಹಿಡಿದು ಬೆಳಕಿಗೆ ತಿರುಗಿಸಿದಳು.

"ಅಕ್ಕಾ, ಲಿವರಿಗೆ ಬಟ್ಟೆ ಸುತ್ಕೋ. ಬರೀ ಬೆರಳಲ್ಲಿ ಒತ್ತಬೇಡ. ಕೊನೇಕೊನೆಗೆ ನಾನೂ ಬಟ್ಟೆ ಸುತ್ಕೊಂಡೇ ಒತ್ತಿದ್ದು."

"ನಿನಗೂ ಗುಳ್ಳೆ ಬಂದಿತ್ತಾ?"

"ಇದಕ್ಕಿಂತ ದೊಡ್ಡದು. ಆ ದಿನ ಮೀಟಿಂಗಿಗೆ ಬಂದಾಗ ಒಡೆದುಬಿಟ್ಟಿತ್ತು, ಚೀಲದಲ್ಲಿ ಮುಚ್ಚಿಟ್ಕೊಂಡಿದ್ದೆ."

ನಾನು ಲೋಟ ಕೆಳಗಿಟ್ಟೆ. "ಮತ್ತೆ ಏನೂ ತೊಂದರೆ ಇಲ್ಲ ಅಂದ್ಯಲ್ಲ."

"ಭಾವ ಎಷ್ಟು ಒದ್ದಾಡಿದ್ರು ಅದಕ್ಕೆ. ಅವರೇ ಅಲ್ವಾ ಇವರನ್ನ ಕೆಲಸಕ್ಕೆ ಸೇರಿಸಿದ್ದು." ಲೋಟ ಎತ್ತಿಕೊಂಡು ಒಳಗೆ ಹೊರಟವಳು ಬಾಗಿಲಲ್ಲಿ ತಿರುಗಿದಳು. "ಅದೂ ಅಲ್ದೆ ನೀನು ಎದುರಿಗೇ ಕೂತಿದ್ದೆ. ನಿನ್ನ ಮುಖ ನೋಡ್ಕೊಂಡು ಹೇಗೆ ಹೇಳಲಿ?"

ಅವಳ ಮುಖ ನೋಡಿಕೊಂಡೇ ನಾನು ಹೇಳಿದ್ದೆ.

"ಪುಟ್ಟೀ" ಅಂದಳು ಅಮ್ಮ, "ಅವಳಿಗೆ ಒಂದು ಚೂರು ಬಟ್ಟೆ ಹುಡುಕಿ ಕೊಡೇ. ಮೆತ್ತಗಿರೋದು ನೋಡಿ ಕೊಡು."

ತಂಗಿ ಕೊಟ್ಟ ಚೂರನ್ನು ಮನೆಗೆ ತಂದು ಲಿವರಿಗೆ ಸುತ್ತಿ, ದಾರ ಕಟ್ಟಿದೆ. ಒತ್ತಿದರೆ ನೋಯಲಿಲ್ಲ. ಅವಳ ಮೇಲಿನ ಹೊಟ್ಟೆಕಿಚ್ಚು ಇದರಿಂದ ಆರಿತು ಎಂದು ಯಾರೂ ತಿಳಿಯಬೇಡಿ. ಇಲ್ಲಿಯವರೆಗೆ ಅವಳ ನೆರಿಗೆ, ಅವಳ ಅಮ್ಮ, ಅವಳ ಮಾಪ್ ಇಷ್ಟರ ಮೇಲಿತ್ತು. ಈಗ ಅವಳಾಡಿದ ಆ ಸುಳ್ಳಿನ ಮೇಲೂ ಇದೆ. ಅಂಥದ್ದೊಂದು ಸುಳ್ಳು ನನ್ನ ಬಾಯಿಂದ ಬರುವುದಿಲ್ಲ.

ಎಲ್ಲ ಒರೆಸಿ ಮುಗಿಸಿ, ಬಾಟಲಿ ತುಂಬಿಸಿ, ನಮ್ಮವರ ಮಾಪನ್ನು ಬಾಗಿಲ ಹಿಂದೆ ಗೋಡೆಗೆ ಒರಗಿಸಿದೆ. ಎದುರಿಗೆ ಸ್ಟೂಲ್ ಹಾಕಿಕೊಂಡು ತುಂಬಾ ಹೊತ್ತು ಕುಳಿತು ನೋಡಿದೆ. ಒಂದು ಹನಿಯೂ ಸೋರಲಿಲ್ಲ.