ಇದ್ದಿಲ ಮೂಟೆ

ವಸಂತನ ಮೇಲೆ ಭವ್ಯಳಿಗೆ ಅನುಮಾನ ಹುಟ್ಟಿದ್ದು ಸೊನ್ನೆಯಿಂದ. ಕೆ.ಆರ್. ಪುರದ ಆ ನರ್ಸಿಂಗ್ ಹೋಮಿನ ಕೊಳಚೆ ನೀರಿನಲ್ಲಿ ನೋವಿನ ಮಾತ್ರೆ, ಆ್ಯಂಟಿಬಯಾಟಿಕ್ಕು ಎಲ್ಲ ಕರಗಿರುತ್ತವೆ. ಅವರಿಬ್ಬರೂ ದುಡಿಯುವ ಕಂಪನಿ ಅಲ್ಲಿ ಕೂರಿಸಿದ ಟ್ಯಾಂಕಿನಲ್ಲಿ ಇದ್ದಿಲಿನಂಥ ಕಪ್ಪು ಇಂಗಾಲ, ಜೊತೆಗೊಂದು ಬಿಳಿ ಉಪ್ಪು. ಎರಡೂ ಸೇರಿದರೆ ಔಷಧ ಒಡೆದು ಚೂರಾಗಬೇಕು. ಆಗಲಿ, ಬೇಡವೆಂದವರು ಯಾರು? ಆದರೆ ಲ್ಯಾಬ್ ವರದಿಯಲ್ಲಿ ಉಳಿದ ಔಷಧ ಪ್ರತಿ ಸಲವೂ ಸೊನ್ನೆಯೆ? ಇಷ್ಟು ಚೊಕ್ಕ ಫಲಿತಾಂಶವನ್ನು ದೇವರೂ ಕೊಡುವುದಿಲ್ಲ. ಸ್ಯಾಂಪಲ್ ಹಿಡಿಯುವವನು ವಸಂತ. ಪುಣ್ಯಾತ್ಮ ನಲ್ಲಿ ನೀರು ತುಂಬಿಸಿ ತರುತ್ತಿದ್ದಾನೋ ಏನೋ! ಮುಂದಿನ ವಾರದಿಂದ ಆ ನೀರು ಹರಿಯಬೇಕಾದದ್ದು ಹಿಂದಿನ ಓಣಿಗೆ, ಭವ್ಯಳ ಅಜ್ಜಿ ಅಣ್ಣಮ್ಮನ ಸೊಪ್ಪಿನ ಮಡಿಗೆ.

ಸಾಲದ್ದಕ್ಕೆ, ಬಳಸಿದ ಇಂಗಾಲದ ಮೂಟೆಯನ್ನು ಅವನು ಸ್ಕೂಟರಿಗೇರಿಸುವುದನ್ನೂ ಕಂಡಳು.

"ಎಲ್ಲಿಗೋ ಅದು?"

"ಇಲ್ಲೇ ಕಣೇ... ವೇಸ್ಟ್ ತಾನೇ," ಎಂದವನು ಮುಖ ಕೊಡದೆ ಹೊರಟ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂದುಕೊಂಡಳು ಭವ್ಯ.

ಮಾರನೆಯ ದಿನ ಅವನಿಲ್ಲದಾಗ, ಬಿಳಿ ಉಪ್ಪು ಹಾಕದೆಯೇ ನೀರು ಬಿಟ್ಟು ತಾನೇ ಸ್ಯಾಂಪಲ್ ಹಿಡಿದಳು. ಇಂದಿರಾನಗರದ ಲ್ಯಾಬಿನಲ್ಲಿ ಆಗಲೂ ಸೊನ್ನೆ ಬಂತು. ಉಪ್ಪಿಲ್ಲದೆ ಔಷಧ ಒಡೆಯುವ ಮಾತೇ ಇಲ್ಲ. ಮೋಸ ಮಾಡುತ್ತಿದ್ದವನು ವಸಂತನಲ್ಲ, ಇಂಗಾಲ. ಅದು ಔಷಧವನ್ನು ಬರೀ ಹೀರಿ ಹೊಟ್ಟೆಯಲ್ಲಿಟ್ಟುಕೊಳ್ಳುತ್ತಿತ್ತು. ಹಾಗಾದರೆ ಆ ಮೂಟೆ?

ಫೋನ್ ಹಚ್ಚಿದಳು. "ಮೂಟೆ ಏನ್ಮಾಡ್ದೆ?"

"ಬೈಬೇಡ ಕಣೇ. ನಿಮ್ಮಜ್ಜೀನೇ ಕೇಳಿದ್ರು. ಸೊಪ್ಪಿಗೆ ಎರಚೋಕೆ ಬೂದಿ ಇಲ್ವಂತೆ. ನಿಂಗೆ ಹೇಳಿದ್ರೆ ಬೈತೀಯ ಅಂದ್ರು. ಹೋದ ತಿಂಗಳೂ ಕೊಟ್ಟಿದ್ದೆ."

ಮನೆಗೆ ಓಡಿದಳು. ಹಿತ್ತಿಲ ದಂಟು, ಕೀರೆ ಎಲ್ಲದರ ಬುಡದಲ್ಲೂ ಕಪ್ಪು ಪುಡಿ. ಅಣ್ಣಮ್ಮ ಮುದ್ದೆ ಮುರಿದು ಸೊಪ್ಪಿನ ಸಾರಿಗೆ ಅದ್ದುತ್ತಿದ್ದಳು.

"ಗ್ಯಾಸು ಬಂದ್ಮೇಲೆ ಬೂದಿಗೇ ಗತಿ ಇರ್ಲಿಲ್ಲ ಕಣವ್ವ. ಈಗ ನೋಡು, ಒಂದು ಹುಳ ಇಲ್ಲ. ಕೂತ್ಕೋ, ಬಡಿಸ್ತೀನಿ."

"ಅಜ್ಜಿ, ತಿನ್ಬೇಡ! ಅದ್ರಲ್ಲಿ ಆಸ್ಪತ್ರೆ ಔಷಧಿ ಇದೆ!"

ಅಣ್ಣಮ್ಮನ ಕೈ ನಿಂತಿತು. "ಔಷಧಿ ಎಲ್ಲಾ ಸುಟ್ಟೋಯ್ತದೆ, ಉಳ್ಯೋದು ಬರೀ ಇದ್ದಿಲು ಅಂತ ನೀನೇ ತಾನೇ ಹೇಳಿದ್ದು?"

ಹೌದು, ಅವಳೇ ಹೇಳಿದ್ದಳು, ಜಂಬದಿಂದ. ಭವ್ಯ ಹಿತ್ತಿಲಿಗೆ ಹೋಗಿ ಸೊಪ್ಪನ್ನು ಬೇರುಸಮೇತ ಕೀಳತೊಡಗಿದಳು. ಅಜ್ಜಿ ಎಂಜಲು ಕೈಯಲ್ಲೇ ಬಾಗಿಲಿಗೆ ಬಂದು ನಿಂತು, ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಮತ್ತೆ ಮುಂದಿನ ವಾರ ಮಡಿಗೆ ಬಿಡೋ ಆ ನೀರು ಒಳ್ಳೇದು ಅಂದ್ಯಲ್ಲ, ಅದು?"