ಮೂವರಿಗೂ ದೊಡ್ಡ ಪಾಲು

ಹಾಸಿಗೆ ಮಾಡಿ ಮಾರುವ ಆ ಮನೆಯ ಅಣ್ಣತಮ್ಮಂದಿರಿಗೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುವುದೊಂದು ಮಾತ್ರ ಗೊತ್ತಿರಲಿಲ್ಲ. ವ್ಯಾಪಾರ ಬೆಳೆದ ಹಾಗೆ, ಲೆಕ್ಕಪತ್ರ ನೋಡುವ ಹಿರಿಯವನು ತನ್ನ ಕೋಣೆಗೊಂದು ಸರ್ವರ್ ಕಂಪ್ಯೂಟರ್ ತಂದ. ಮಾರಾಟ ನೋಡುವ ನಡುವಿನವನು ಅದಕ್ಕಿಂತ ಎತ್ತರದ್ದು ತಂದ. ಬಾಯಿ ಸತ್ತ ಕಿರಿಯವನೂ ಹೊಲಿಗೆ ವಿಭಾಗಕ್ಕೆಂದು ಒಂದು ತಂದಿಟ್ಟುಕೊಂಡ. ಯಂತ್ರಗಳು ಹಗಲಿಡೀ ಗೊರಕೆ ಹೊಡೆಯುತ್ತಿದ್ದವು, ಕೆಲಸ ಅಷ್ಟಕ್ಕಷ್ಟೆ. ಒಂದು ಕೆಟ್ಟರೆ ಆ ವಿಭಾಗವೇ ಬಾಗಿಲು ಹಾಕಬೇಕು. ಪಕ್ಕದ್ದು ಬಿಡುವಾಗಿ ಕೂತಿದ್ದರೂ ಮುಟ್ಟುವ ಹಾಗಿರಲಿಲ್ಲ.

ಇದನ್ನು ಸರಿಪಡಿಸುವ ಭಾರ ಕಿರಿಸೊಸೆಯ ಹೆಗಲಿಗೆ ಬಿತ್ತು. ಮದುವೆಗೆ ಮುಂಚೆ ಅವಳು ಇನ್ನೊಂದು ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸವನ್ನೇ ಮಾಡಿದವಳು. “ಇದನ್ನೊಂದು ದಡ ಮುಟ್ಟಿಸಮ್ಮ, ಹೊಸ ಕಾರ್ಖಾನೆ ನಿಮ್ಮಿಬ್ಬರಿಗೇ” ಎಂದು ಮಾವ ಅವಳೊಬ್ಬಳನ್ನೇ ಕರೆದು ಹೇಳಿದ್ದರು. ಅಣ್ಣಂದಿರು ಹೇಳಿದ್ದಕ್ಕೆಲ್ಲ ಗಂಡ ಕೋಲೆಬಸವನ ಹಾಗೆ ತಲೆಯಾಡಿಸುವುದನ್ನು ನೋಡಿ ನೋಡಿ ಅವಳಿಗೆ ರೋಸಿಹೋಗಿತ್ತು. ಆ ಕಾರ್ಖಾನೆ ಒಂದು ಕೈಗೆ ಬಂದರೆ ಸಾಕಿತ್ತು.

“ಎರಡು ದೊಡ್ಡ ಯಂತ್ರ ಸಾಕು ಮಾವ,” ಎಂದಳು, ಎಲ್ಲರೂ ಸೇರಿದ್ದ ಮೀಟಿಂಗಿನಲ್ಲಿ. “ಒಂದೇ ಮನೇಲಿ ಬೇರೆ ಬೇರೆ ಒಲೆ ಹೂಡಿದ ಹಾಗೆ, ಎಲ್ಲರ ಸರ್ವರುಗಳೂ ಅವುಗಳೊಳಗೇ ಬೇರೆ ಬೇರೆಯಾಗಿ ಓಡ್ತವೆ. ಒಂದು ಯಂತ್ರ ಕೆಟ್ರೆ ಇನ್ನೊಂದು ಹೊತ್ಕೊಳ್ಳುತ್ತೆ. ಫೈಲೆಲ್ಲ ಮಾತ್ರ ಒಂದೇ ಉಗ್ರಾಣದಲ್ಲಿ.”

ಒಲೆಯ ಮಾತಿಗೆ ತಲೆದೂಗಿದವರು ಉಗ್ರಾಣ ಎಂದೊಡನೆ ಸೆಟೆದು ಕೂತರು.

“ಅದ್ರಲ್ಲಿ ನನ್ನ ಪಾಲೆಷ್ಟು?” ಎಂದ ಹಿರಿಯ ಭಾವ.

“ಅಣ್ಣನಿಗಿಂತ ನಂಗೆ ಒಂದು ಗೇಣು ಕಮ್ಮಿಯಾದ್ರೂ ಈ ಮಾತೇ ಬೇಡ,” ಎಂದ ನಡುವಿನವನು.

ಪಾಲಿನ ಪ್ರಶ್ನೆಯೇ ಇಲ್ಲ, ಬೇಕಾದವರಿಗೆ ಬೇಕಾದಷ್ಟು ಎಂದು ಅವಳು ಗಂಟಲು ಹರಿದುಕೊಂಡದ್ದು ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಕೊನೆಗೆ ತನ್ನ ವಿದ್ಯೆಯಲ್ಲೇ ಇದ್ದ ಒಂದು ಉಪಾಯ ಹೂಡಿದಳು. ಇಲ್ಲದ ಜಾಗವನ್ನೂ ಇದೆ ಎಂದು ಪರದೆಯ ಮೇಲೆ ತೋರಿಸಿ, ತುಂಬಿದಷ್ಟಕ್ಕೆ ಮಾತ್ರ ನಿಜವಾದ ಜಾಗ ಕೊಡುವುದು. ಮೋಸವೇನಲ್ಲ, ದೊಡ್ಡ ದೊಡ್ಡ ಕಂಪನಿಗಳಲ್ಲೂ ನಡೆಯುವ ಮರ್ಯಾದಸ್ಥ ಪದ್ಧತಿ. ಕೊಟ್ಟಷ್ಟನ್ನೂ ಯಾರು ತಾನೇ ಬಳಸುತ್ತಾರೆ? ಒಬ್ಬೊಬ್ಬರನ್ನೇ ಕರೆದು, “ನಿಮ್ಮದೇ ದೊಡ್ಡದು, ಯಾರ ಹತ್ರಾನೂ ಹೇಳ್ಬೇಡಿ” ಎಂದು ಪರದೆ ತೋರಿಸಿದಳು. ಅಣ್ಣಂದಿರು ಕೇಳಿದರೆ ಹೊಟ್ಟೆಯಲ್ಲಿ ಮಾತು ನಿಲ್ಲದ ಮನುಷ್ಯನೆಂದು ಗಂಡನಿಗೂ ಅದೇ ಅಂಗೈಯ ಅರಮನೆ ತೋರಿಸಿದಳು. ಮೂವರೂ ಒಪ್ಪಿದರು. ಹಳೆಯ ಯಂತ್ರಗಳು ಮೂಲೆ ಸೇರಿದವು.

ಆದರೆ ಆ ಮಹಾನುಭಾವರಿಗೆ ಖಾಲಿ ಬಿಟ್ಟ ಜಾಗವನ್ನು ಇನ್ನೊಬ್ಬ ನುಂಗುತ್ತಾನೆ ಎಂಬ ಭಯ. ಬಸ್ಸಿನ ಸೀಟಿಗೆ ಕರವಸ್ತ್ರ ಹಾಕುವವರ ಹಾಗೆ ತುಂಬತೊಡಗಿದರು. ಹಿರಿಯವನು ಹಳೇ ಬಿಲ್ಲುಗಳ ನಕಲಿಗೂ ನಕಲು ಮಾಡಿಸಿ ಇಟ್ಟ. ನಡುವಿನವನು ಹೆಂಡತಿಯ ತವರಿನ ಮದುವೆ ವಿಡಿಯೊಗಳನ್ನೆಲ್ಲ ತಂದು ಸುರಿದ. ಗಂಡ ಒಂದೊಂದು ಹಾಸಿಗೆಗೂ ನಾಲ್ಕೂ ಕಡೆಯಿಂದ ಫೋಟೊ ಹೊಡೆಸಿದ. ಜಾಗ ಮುಗಿಯುತ್ತಿದೆ ಎಂಬ ಎಚ್ಚರಿಕೆ ಬಂದಾಗಲೆಲ್ಲ ಅವಳು ತುಂಬಿದ್ದು ಸಾಕು ಎಂದು ಕೈಮುಗಿದಳು. “ನನ್ನ ಜಾಗ, ನನ್ನಿಷ್ಟ” ಎಂದರು. ನಿಜ ಹೇಳಿದರೆ ಕಾರ್ಖಾನೆ ಹೋಯಿತು. ಹೇಳದೆ ಹೋದರೆ ಎಲ್ಲವೂ ಹೋಯಿತು. ಅವಳು ಬಾಯಿ ಹೊಲಿದುಕೊಂಡು ಕೂತಳು.

ಒಂದು ಬೆಳಿಗ್ಗೆ ಉಗ್ರಾಣ ತುಂಬಿತು. ಎಲ್ಲ ವಿಭಾಗವೂ ಒಟ್ಟಿಗೇ ನಿಂತಿತು. ಹಾಸಿಗೆ ಹೇರಿದ ಲಾರಿಗಳು ಗೇಟಿನಲ್ಲಿ, ಬಿಲ್ಲು ಮಾತ್ರ ಹೊರಗೆ ಬರದು.

“ಬೇಡದ್ದನ್ನ ಅಳಿಸಿದ್ರೆ ಈಗ್ಲೇ ಓಡುತ್ತೆ ಭಾವ.”

“ಮೊದ್ಲು ಅವನು ಅಳಿಸ್ಲಿ.”

“ದೊಡ್ಡವನು ಅವನು, ಅವನೇ ಶುರು ಮಾಡ್ಲಿ.”

ಲಾರಿಯವರ ಹಾರ್ನು ಜೋರಾಯಿತು. ಸ್ವಲ್ಪ ಹೊತ್ತಿಗೆ ಹಿರಿಯ ಭಾವ ಬೆಕ್ಕಿನ ಹೆಜ್ಜೆಯಲ್ಲಿ ಅವಳ ಕೋಣೆಗೆ ಬಂದ. “ನಂದು ಅಳಿಸ್ಬಿಡಮ್ಮ. ಅವನ ಕಣ್ಣಿಗೆ ಮಾತ್ರ ತುಂಬಿದ ಹಾಗೇ ಇರ್ಲಿ.” ಅವನು ಅತ್ತ ಹೋದದ್ದೇ ನಡುವಿನವನು ಇತ್ತ ಬಂದು ಅದನ್ನೇ ಪಿಸುಗುಟ್ಟಿದ. ಕೊನೆಗೆ ಬಂದ ಗಂಡ, “ಅಣ್ಣಂದಿರಿಗೆ ಹೇಳ್ಬೇಡ ಕಣೇ” ಎಂದ. ಅವಳು ಮೂವರದ್ದನ್ನೂ ಅಳಿಸಿದಳು. ಲಾರಿಗಳು ಹೊರಟವು.

ಆದರೂ ಅವಳಿಗೆ ಮನಸ್ಸು ತಡೆಯಲಿಲ್ಲ. ಕಾರ್ಖಾನೆ ಹೋದರೆ ಹೋಗಲಿ ಎಂದು ಮಾವನ ಮುಂದೆ ನಿಂತಳು.

“ತಪ್ಪಾಯ್ತು ಮಾವ. ಇರೋದು ಒಂದೇ ಉಗ್ರಾಣ. ದೊಡ್ಡ ಪಾಲು ನಿಮ್ಮದೇ ಅಂತ ಮೂವರಿಗೂ ತೋರಿಸ್ಬಿಟ್ಟೆ.”

ಮಾವ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. “ಇದಕ್ಯಾಕಮ್ಮ ಮುಖ ಚಿಕ್ಕದು ಮಾಡ್ತೀಯ? ಮೂವರೂ ಒಂದೇ ದಿನ ಕೇಳದಿದ್ರೆ ಆಯ್ತು. ಇಷ್ಟು ವರ್ಷ ಈ ಮನೆ ಒಡೀದೆ ಉಳಿದಿರೋದು ಇನ್ ಹೇಗೆ ಅಂದ್ಕೊಂಡೆ?”

ಎದೆಯ ಮೇಲಿನ ಕಲ್ಲು ಇಳಿದು ಅವಳೂ ನಕ್ಕಳು. ನಗುತ್ತಲೇ ಬಾಗಿಲ ತನಕ ಹೋದವಳು ಅಲ್ಲೇ ನಿಂತಳು.

“ಮಾವ, ಆ ಹೊಸ ಕಾರ್ಖಾನೆ...”

“ನಿಮ್ಮಿಬ್ಬರಿಗೇ ಕಣಮ್ಮ,” ಎಂದರು ಮಾವ, ಕನ್ನಡಕ ಒರೆಸಿಕೊಳ್ಳುತ್ತ. “ನಿಮ್ಮ ಭಾವಂದಿರ ಹತ್ರ ಮಾತ್ರ ಬಾಯಿ ಬಿಡ್ಬೇಡ.”