ಕಂಬಕ್ಕೆ ಕಟ್ಟಿದ ಹಗ್ಗ

“ಬಿಚ್ಚಿ, ಮೊದಲು ಆ ಹಗ್ಗ ಬಿಚ್ಚಿ!” ಎನ್ನುತ್ತ ಶಿಷ್ಯೆ ಅಂಗಳದ ಮೂಲೆಗೆ ಓಡಿದಳು. ಕುಳಿತವರ ಕಾಲು ದಾಟಿ, ನೀರಿನ ಬಕೆಟ್ಟು ಎಡವಿ, ಬಿಳಿ ಕಂಬದ ಬುಡ ಮುಟ್ಟುವಷ್ಟರಲ್ಲಿ ಅವಳ ಒಂದು ಚಪ್ಪಲಿ ಹಿಂದೆಯೇ ಉಳಿದಿತ್ತು. ಶಾಮಿಯಾನದ ಹಗ್ಗವನ್ನು ಕಂಬಕ್ಕೆ ಮೂರು ಸುತ್ತು ಸುತ್ತಿ ಗಂಟು ಬಿಗಿದಿದ್ದರು. ಅವಳು ಗಂಟಿಗೆ ಉಗುರು ಹಾಕಿ ಎಳೆಯತೊಡಗಿದಳು.

“ಅದನ್ನ ಬಿಚ್ಚಿದ್ರೆ ಇಡೀ ಶಾಮಿಯಾನ ತಲೆ ಮೇಲೆ ಬೀಳತ್ತೆ ಮೇಡಂ,” ಎಂದ ಶಾಮಿಯಾನದವನು. “ಈ ಬೀದೀಲಿ ಇಷ್ಟು ನೆಟ್ಟಗಿರೋ ಕಂಬ ಇನ್ನೊಂದಿಲ್ಲ, ಅದಕ್ಕೇ ಕಟ್ಟಿದ್ದು.”

“ಅದು ನೆಟ್ಟಗಿರ್ಲಿ ಅಂತ ಇಪ್ಪತ್ತಾರು ವರ್ಷ ಕಾವಲು ಕಾದಿದ್ದಾರೆ ನಮ್ಮ ಸರ್. ಬೇರೆ ಎಲ್ಲಿಗಾದ್ರೂ ಕಟ್ಕೊಳ್ಳಿ.”

ಕಾವಲು ಕಾದವರು ಅದೇ ಶಾಮಿಯಾನದ ಕೆಳಗೆ ಹೂವಿನಡಿ ಮಲಗಿದ್ದರು. ನಿನ್ನೆ ಸಂಜೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಎದುರಿಗೆ ಮಿಲಿಮೀಟರ್ ಸಾರ್, ಬೆನ್ನ ಹಿಂದೆ ಬರೀ ಮಿಲಿಮೀಟರ್. ಊರಿಗೆ ಅವರ ಬೇರೆ ಹೆಸರು ಮರೆತೇಹೋಗಿತ್ತು. ಮನೆಯ ಹಿಂದಿನ ಗುಡ್ಡ ಜರುಗುತ್ತಿದೆಯೇ ಎಂದು ಅಳೆಯುವುದು ಅವರ ನೌಕರಿ. ಗುಡ್ಡದ ಮೇಲೆ ನೆಟ್ಟ ಮೂರು ಉಕ್ಕಿನ ಕಂಬಗಳ ತಲೆಯಲ್ಲಿ ಅಣಬೆಯಂಥ ಆಂಟೆನಾಗಳಿದ್ದವು. ಅವು ಉಪಗ್ರಹಗಳ ಸಂಕೇತ ಹಿಡಿದು, ಭೂಮಿಯ ಮೇಲೆ ತಾವು ಎಲ್ಲಿ ನಿಂತಿದ್ದೇವೆಂದು ಐದೈದು ನಿಮಿಷಕ್ಕೊಮ್ಮೆ ಹೇಳುತ್ತಿದ್ದವು. ಕಂಬ ಜರುಗಿದರೆ ಅದರಡಿಯ ನೆಲವೂ ಜರುಗಿದೆ ಎಂದು ಅರ್ಥ. ಮೇಲಿನ ಎರಡು ಕಂಬಗಳು ಹೋದ ವಾರದ ಗಾಳಿಮಳೆಗೆ ಬಾಯಿ ಮುಚ್ಚಿಕೊಂಡಿದ್ದವು. ಮಾತಾಡುತ್ತಿದ್ದದ್ದು ಅವರ ಮನೆಯಂಗಳದ ಈ ಒಂದೇ.

ಹತ್ತು ನಿಮಿಷದ ಹಿಂದೆ, ಅವರ ಬಳಿ ಈ ಕೆಲಸ ಕಲಿತ ಶಿಷ್ಯೆಯ ಫೋನು ಕೀಂ ಎಂದಿತ್ತು. ಹನ್ನೊಂದು ಮಿಲಿಮೀಟರ್, ಇಳಿಜಾರಿನ ಕಡೆಗೆ. ಹತ್ತು ದಾಟಿದರೆ ಎಚ್ಚರಿಕೆ. ತಲೆ ಎತ್ತಿದಾಗ ಕಂಬಕ್ಕೆ ಕಟ್ಟಿದ ಹಗ್ಗ ಕಂಡು, ಸದ್ಯ, ಇದರದ್ದೇ ಕಿತಾಪತಿ ಎಂದುಕೊಂಡಿದ್ದಳು.

“ಏನಮ್ಮಾ, ಮತ್ತೆ ಶುರುವಾಯ್ತಾ?” ಕಾಂಪೌಂಡಿಗೆ ಒರಗಿ ನಿಂತಿದ್ದ ಬೇಕರಿಯವನು ಕೇಳಿದ. ಸತ್ತವರ ಮನೆಗೆ ಅವನು ಬಂದದ್ದೇ ಹೆಚ್ಚು. ಒಂಬತ್ತು ವರ್ಷದಿಂದ ಈ ಮನೆಯವರೊಡನೆ ಅವನಿಗೆ ಮಾತಿರಲಿಲ್ಲ. “ಇವತ್ತಾದ್ರೂ ಅವರನ್ನ ನೆಮ್ಮದಿಯಾಗಿ ಮಲಗೋಕೆ ಬಿಡಿ. ನಮ್ಮನ್ನೂ ಬಿಡಿ.”

ನಾಲ್ಕಾರು ಜನ ನಕ್ಕು, ಸಾವಿನ ಮನೆಯೆಂದು ನೆನಪಾಗಿ, ಕೆಮ್ಮಿ ಸುಮ್ಮನಾದರು.

ಗಂಡನ ತಲೆಯ ಬಳಿ ಕುಳಿತಿದ್ದ ಟೈಲರಮ್ಮ ಮಾತ್ರ ನಗಲಿಲ್ಲ. ಬೆಳಗಿನಿಂದ ಯಾರ ಸಮಾಧಾನಕ್ಕೂ ತಲೆ ಎತ್ತದವಳು ಈಗ ಶಿಷ್ಯೆಯತ್ತ ನೋಡಿ, “ಎಷ್ಟು?” ಎಂದಳು.

*

ಆ ಮನೆಯಲ್ಲಿ ಸಂಜೆಯ ಮೊದಲ ಮಾತೇ ಅದು. ಅವರು ಕಂಬಕ್ಕೊಂದು ಸುತ್ತು ಹಾಕಿ, ಆಂಟೆನಾದ ಮೇಲಿನ ಹಕ್ಕಿಯ ಹಿಕ್ಕೆ ಒರೆಸಿ, ನೋಟ್‌ಬುಕ್ಕಿನಲ್ಲಿ ಬರೆದು ಒಳಗೆ ಬರುತ್ತಿದ್ದರು. ಹೊಲಿಗೆ ಯಂತ್ರದಿಂದ ಕಣ್ಣು ತೆಗೆಯದೆ ಅವಳು “ಎಷ್ಟು?” ಎನ್ನುವಳು. “ಅರ್ಧ,” ಎನ್ನುವರು ಅವರು. ಅರ್ಧ ಮಿಲಿಮೀಟರ್. “ನಿಮ್ಮ ಅರ್ಧಕ್ಕೆ ನನ್ನ ಹೊಲಿಗೇಲಿ ಬೆಲೆನೇ ಇಲ್ಲ ಕಣ್ರೀ. ಒಂದು ಇಂಚು ಹೆಚ್ಚುಕಮ್ಮಿ ಆದ್ರೂ ಜನ ಹಾಕ್ಕೊಂಡು ಹೋಗ್ತಾರೆ,” ಎಂದು ಅವಳು ರೇಗಿಸಿದರೆ, “ಗುಡ್ಡಕ್ಕೆ ಆಲ್ಟರೇಷನ್ ಇಲ್ಲ ಕಣೇ,” ಎಂದು ಕಾಫಿಗೆ ಕೈ ಚಾಚುವರು. ಒಂದು ದಿನ ಅವಳು ಕೇಳದಿದ್ದರೂ ಅವರಿಗೆ ಕಾಫಿ ರುಚಿಸುತ್ತಿರಲಿಲ್ಲ.

ಒಂಬತ್ತು ವರ್ಷದ ಹಿಂದೆ, ಮೇಲಿನ ಎರಡು ಕಂಬ ಇನ್ನೂ ನೆಡದಿದ್ದಾಗ, ಒಂದು ಮಳೆಗಾಲದಲ್ಲಿ, ಅವರು ಆಫೀಸಿನಲ್ಲಿದ್ದಾಗ ಅಂಗಳದ ಕಂಬದ ಅಂಕಿ ಇದ್ದಕ್ಕಿದ್ದಂತೆ ಇಪ್ಪತ್ತೆರಡಕ್ಕೆ ಏರಿತು. ಇಳಿಜಾರಿನ ಕಡೆಗೇ. ಅವರು ಹಿಂದೆಮುಂದೆ ನೋಡದೆ ಎಚ್ಚರಿಕೆ ಕೊಟ್ಟರು. ಕೆಳಗಿನ ಬೀದಿಯ ಇಪ್ಪತ್ತಮೂರು ಮನೆಗಳವರು ನೆನೆಯುತ್ತ ಸೇತುವೆ ದಾಟಿ, ಶಾಲೆಯ ತಣ್ಣನೆಯ ನೆಲದಲ್ಲಿ ಮೂರು ದಿನ ಮಲಗಿದರು. ಗುಡ್ಡ ಅಲುಗಲಿಲ್ಲ. ಬೇಕರಿಯವನ ತಾಯಿಗೆ ಮಾತ್ರ ಅಲ್ಲಿ ಹಿಡಿದ ಕೆಮ್ಮು ಬಿಡಲೇ ಇಲ್ಲ. ಇಪ್ಪತ್ತು ದಿನಕ್ಕೆ ಆಕೆ ತೀರಿಹೋದಳು.

ನಾಲ್ಕನೆಯ ದಿನ ಗಂಡ ಹೆಂಡತಿ ಮನೆಗೆ ಮರಳಿದಾಗ ಅಂಗಳದಲ್ಲಿ ಕಂಬಳಿಗಳು ತೂಗುತ್ತಿದ್ದವು. ಬಟ್ಟೆ ಒಣಹಾಕುವ ಗೂಟ ಮಳೆಗೆ ಬಿದ್ದಿತ್ತೆಂದು ಟೈಲರಮ್ಮ ಕಂಬದಿಂದ ಕೆಳಗಿನ ಬೇಲಿಗೆ ಹಗ್ಗ ಬಿಗಿದು ನಾಲ್ಕು ಕಂಬಳಿ ಹಾಕಿದ್ದಳು. ಅವು ನೀರು ಕುಡಿದು ಕುಡಿದು ಕಂಬವನ್ನು ಇಳಿಜಾರಿನತ್ತ ಬಾಗಿಸಿದ್ದವು. ಅವರು ಒಂದೊಂದೇ ಕಂಬಳಿ ಇಳಿಸಿ, ಹಿಂಡಿ, ಮಡಿಸಿ ಜಗಲಿಯ ಮೇಲಿಟ್ಟರು. ಹಗ್ಗ ಬಿಚ್ಚಿದರು. ಅಂಕಿ ಸೊನ್ನೆಗೆ ಬಂತು.

“ನಾನು ಎಲ್ಲರ ಹತ್ರ ಹೋಗಿ ಹೇಳ್ತೀನಿ,” ಎಂದಳು ಅವಳು.

“ಏನಂತ? ನನ್ನ ಹೆಂಡ್ತಿ ಬಟ್ಟೆ ಒಗೆದಳು ಅಂತಾನಾ? ಕಂಬ ನೋಡದೆ ಅಂಕಿ ನಂಬಿದ್ದು ನಾನು. ನೀನು ಬಾಯಿ ಬಿಡಬೇಡ.”

ವರದಿಯಲ್ಲಿ ‘ನನ್ನ ಅಜಾಗರೂಕತೆ’ ಎಂದಷ್ಟೇ ಬರೆದರು. ಬಡ್ತಿ ನಿಂತಿತು. ಊರಲ್ಲಿ ಹೋದಲ್ಲಿ ಬಂದಲ್ಲಿ ನಗೆಪಾಟಲಾದರು. ಅವಳು ಬಾಯಿ ಬಿಡಲಿಲ್ಲ. ಮೊದಲು ಅವರ ಮಾತಿಗೆ, ಆಮೇಲೆ ಹೆದರಿಕೆಗೆ.

*

ಹಗ್ಗ ಬಿಚ್ಚಿ ಹತ್ತು ನಿಮಿಷವಾಯಿತು. ಶಾಮಿಯಾನದ ಒಂದು ಮೂಲೆ ಮಾತ್ರ ಜೋತುಬಿದ್ದಿತ್ತು. ಅಂಕಿ ಸೊನ್ನೆಗೆ ಇಳಿಯುತ್ತದೆಂದು ಶಿಷ್ಯೆ ಫೋನು ನೋಡುತ್ತಲೇ ಇದ್ದಳು. ಹನ್ನೊಂದಿದ್ದದ್ದು ಹತ್ತೊಂಬತ್ತಾಯಿತು.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹಗ್ಗ ಬಿದ್ದಿದ್ದ ದಿಕ್ಕು ನೋಡಿದಳು. ಅದು ಮನೆಯ ಕಡೆಗಿತ್ತು, ಎಂದರೆ ಗುಡ್ಡದ ಕಡೆಗೆ. ಬೆಳಗಿನಿಂದ ಹಗ್ಗ ಕಂಬವನ್ನು ಮೇಲಕ್ಕೆ ಎಳೆದು ಹಿಡಿದಿತ್ತು. ನೆಲ ಜರುಗಿದ್ದನ್ನು ಅದು ಇಷ್ಟು ಹೊತ್ತು ಮುಚ್ಚಿಟ್ಟಿತ್ತು.

ಅವಳು ಹೊಲಿಗೆ ಕೋಣೆಗೆ ಹೋಗಿ ಮೇಲಧಿಕಾರಿಗೆ ಫೋನು ಹಚ್ಚಿದಳು.

“ಎರಡು ಕಂಬ ಸತ್ತಿವೆ, ಇರೋ ಒಂದಕ್ಕೆ ಶಾಮಿಯಾನ ಕಟ್ಟಿದ್ರು ಅಂತೀಯ,” ಎಂದರು ಅವರು. “ಹೋದ ಸಲ ಮರ್ಯಾದೆ ಹೋಗಿದ್ದು ಸಾಲದಾ? ಸಂಜೆ ರಾಡಾರ್ ಉಪಗ್ರಹ ಹಾದುಹೋಗತ್ತೆ. ಚಿತ್ರ ನಾಳೆ ಬೆಳಿಗ್ಗೆ ಕೈಗೆ ಬರತ್ತೆ. ನೋಡಿ ತೀರ್ಮಾನ ಮಾಡೋಣ. ಅಲ್ಲೀತನಕ ಜನರನ್ನ ಎಬ್ಬಿಸೋ ಅಧಿಕಾರ ನಿನಗಿಲ್ಲ.”

ಫೋನು ಇಟ್ಟಾಗ ಅಂಕಿ ಇಪ್ಪತ್ತಮೂರು.

*

ಐದು ದಿನದ ಹಿಂದೆ ಆಸ್ಪತ್ರೆಯಲ್ಲಿ ಶಿಷ್ಯೆ ಮಿಲಿಮೀಟರ್ ಸಾರ್‌ಗೆ ಹಿಂದಿನ ರಾಡಾರ್ ಚಿತ್ರ ತೋರಿಸಿದ್ದಳು. ಗುಡ್ಡದ ಮೇಲ್ಭಾಗದಲ್ಲಿ ಬಣ್ಣದ ಪಟ್ಟಿಗಳು ಒತ್ತೊತ್ತಾಗಿದ್ದವು. ನೆಲ ಹೆಚ್ಚು ಜರುಗಿದಲ್ಲಿ ಪಟ್ಟಿಗಳು ಹಾಗೆ ಒತ್ತಾಗುತ್ತವೆ. ಅವರು ಆಮ್ಲಜನಕದ ಮಾಸ್ಕು ಸರಿಸಿ ಬಹಳ ಹೊತ್ತು ನೋಡಿದರು.

“ಈ ಸಲ ಬಣ್ಣ ಸರಿಯಿಲ್ಲ ಮರೀ. ನನ್ನ ಕಂಬಾನೂ ಮಾತಾಡತ್ತೆ ನೋಡ್ತಿರು.”

“ಮಾತಾಡಿದ್ರೆ ಏನ್ ಮಾಡ್ಲಿ ಸರ್?”

“ಮೊದಲು ಹೋಗಿ ಕಂಬ ನೋಡು. ಕೈಯಿಂದ ಮುಟ್ಟಿ ನೋಡು. ಕಂಬ ಸರಿಯಿದ್ರೆ ಆಮೇಲೆ ಯಾರ ಮುಖಾನೂ ನೋಡ್ಬೇಡ.”

*

ಶಿಷ್ಯೆ ಹೊರಗೆ ಬಂದು ಕಂಬವನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿ ನೋಡಿದಳು. ಅದು ಮಿಸುಕಲಿಲ್ಲ. ಟೈಲರಮ್ಮನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಎಲ್ಲ ಹೇಳಿದಳು. “ನಾನು ಹೇಳಿದ್ರೆ ಇವರ್ಯಾರೂ ಏಳಲ್ಲ ಅಮ್ಮಾ. ಆರ್ಡರೂ ಇಲ್ಲ.”

ಟೈಲರಮ್ಮ ಗಂಡನ ಮುಖವನ್ನೊಮ್ಮೆ ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ನಿಂತಳು. ಅವಳ ದನಿ ಬೀದಿಯ ಕೊನೆಗೂ ಕೇಳುವಂಥದ್ದು. ಹೊಲಿಗೆ ಯಂತ್ರದ ಸದ್ದಿನಲ್ಲಿ ಮಾತಾಡಿ ಮಾತಾಡಿ ಬಂದ ದನಿ.

“ನಿಜ ಹೇಳ್ತೀನಿ, ಕೇಳಿ. ಗುಡ್ಡ ಜರುಗ್ತಿದೆ. ನಂಬೋರು ನಂಬಿ, ಬಿಡೋರು ಬಿಡಿ. ಆದ್ರೆ ಇವರನ್ನ ಈಗ್ಲೇ ಎತ್ತಬೇಕು. ಸ್ಮಶಾನಕ್ಕಲ್ಲ, ಸೇತುವೆ ಆಚೆ ಶಾಲೆ ಮೈದಾನಕ್ಕೆ. ಇಡೀ ಬೀದಿ ಇವರನ್ನ ಕಳಿಸಿಕೊಡೋಕೆ ಬರಬೇಕು. ಮಕ್ಕಳು, ಮುದುಕರು, ಎಲ್ಲಾ.”

“ನಾನು ಬರಲ್ಲ,” ಎಂದ ಬೇಕರಿಯವನು. “ಮನೇಲಿ ಮಗಳು ಬಾಣಂತಿ. ಹತ್ತು ದಿನದ ಕೂಸನ್ನ ಆ ಶಾಲೇಲಿ ಮಲಗಿಸೋಕೆ ನನಗೇನು ತಲೆ ಕೆಟ್ಟಿಲ್ಲ.” ಗೇಟನ್ನು ದಢಾರನೆ ಎಳೆದುಕೊಂಡು ಹೊರಟುಹೋದ.

ನಾಲ್ವರು ಹೆಗಲು ಕೊಟ್ಟರು. ಮುಂದೆ ಶಾಮಿಯಾನದವನೇ ನಿಂತ. ತನ್ನ ಹಗ್ಗದ ಕತೆ ಶಿಷ್ಯೆಯಿಂದ ತಿಳಿದ ಮೇಲೆ ಅವನ ಮುಖದಲ್ಲಿ ರಕ್ತವಿರಲಿಲ್ಲ. ಬೀದಿಗೆ ಇಳಿದು ಮೊದಲ ಮನೆ ಬರುತ್ತಲೇ ಟೈಲರಮ್ಮ ಕೈ ಅಡ್ಡ ಹಿಡಿದಳು.

“ಇಲ್ಲಿ ನಿಲ್ಲಿ. ಒಳಗಿರೋರೆಲ್ಲಾ ಬಂದು ಬೀಗ ಹಾಕಿದ ಮೇಲೆ ಮುಂದಕ್ಕೆ.”

ಹೀಗೆ ಮಿಲಿಮೀಟರ್ ತಮ್ಮ ಕೊನೆಯ ದಾರಿಯಲ್ಲಿ ಒಂದೊಂದು ಬಾಗಿಲಲ್ಲೂ ನಿಂತರು. ಬದುಕಿದ್ದಾಗ ಅವರು ಬಾಗಿಲು ತಟ್ಟಿದರೆ ಟೀವಿ ಜೋರು ಮಾಡುತ್ತಿದ್ದವರು ಈಗ ಚಪ್ಪಲಿ ಹುಡುಕುತ್ತ ಹೊರಬಂದರು. ಹೆಣ ಬಾಗಿಲಲ್ಲಿ ಕಾಯುತ್ತಿರುವಾಗ ಆಮೇಲೆ ಬರುತ್ತೇನೆ ಎನ್ನುವುದು ಹೇಗೆ? ಒಬ್ಬಳು ಒಲೆ ಆರಿಸಿ ಬಂದಳು. ಒಬ್ಬ ಮುದುಕ ಬರುವುದಿಲ್ಲ ಎಂದು ಹಟ ಹಿಡಿದಾಗ ಟೈಲರಮ್ಮ, “ಅಜ್ಜಾ, ನಿಮ್ಮ ಪ್ಯಾಂಟಿಗೆ ಎಷ್ಟು ಸಲ ಹೊಲಿಗೆ ಹಾಕಿದೀನಿ. ಅದರ ಋಣಕ್ಕಾದ್ರೂ ಬನ್ನಿ,” ಎಂದಳು. ಅವನು ಗೊಣಗುತ್ತ ಕೋಲು ಹಿಡಿದ. ಹೊತ್ತವರ ಹೆಗಲು ಬಿದ್ದುಹೋಗುತ್ತಿದ್ದವು. ಬೇರೆಯವರು ಬಂದು ಹೆಗಲು ಬದಲಿಸಿದರು. ಶಿಷ್ಯೆ ಹಿಂದಿನಿಂದ ಮನೆ ಎಣಿಸುತ್ತ, ಫೋನು ನೋಡುತ್ತ ಬರುತ್ತಿದ್ದಳು. ಇಪ್ಪತ್ತೆರಡು ಮನೆ ಮುಗಿದಾಗ ಅಂಕಿ ಐವತ್ತೆಂಟು.

ಇಪ್ಪತ್ತಮೂರನೆಯದು ಬೇಕರಿ. ಷಟರ್ ಎಳೆದಿತ್ತು. ಮೇಲಿನ ಕಿಟಕಿಯಲ್ಲಿ ಕೂಸು ಅಳುತ್ತಿತ್ತು.

“ಮುಂದಕ್ಕೆ ಹೋಗಿ!” ಒಳಗಿಂದಲೇ ಕೂಗಿದ ಬೇಕರಿಯವನು. “ನಿಮ್ಮ ಮಿಲಿಮೀಟರಿಗೆ ನಮ್ಮಮ್ಮನ್ನ ಕೊಟ್ಟಾಯ್ತು. ಇನ್ನೇನೂ ಕೊಡಲ್ಲ.”

ಟೈಲರಮ್ಮ ಷಟರಿಗೆ ಎರಡೂ ಅಂಗೈ ಊರಿ ನಿಂತಳು. ಒಂಬತ್ತು ವರ್ಷ ನುಂಗಿಕೊಂಡಿದ್ದನ್ನು ಈಗ ಎಲ್ಲರೆದುರು ಹೇಳಬೇಕಿತ್ತು.

“ತಮ್ಮಾ, ಕೇಳು. ನಿಮ್ಮಮ್ಮನ್ನ ಕಳಕೊಂಡಿದ್ದು ಇವರಿಂದ ಅಲ್ಲ. ನನ್ನಿಂದ. ಆ ಕಂಬಕ್ಕೆ ಹಗ್ಗ ಕಟ್ಟಿ ಕಂಬಳಿ ಒಣಹಾಕಿದ್ದು ನಾನು. ನೆನೆದ ಕಂಬಳಿ ಕಂಬಾನ ಎಳೀತು. ಇವರು ಅದನ್ನೇ ಗುಡ್ಡ ಅಂದ್ಕೊಂಡ್ರು.”

ಬೇಕರಿಯವನ ದನಿ ಷಟರಿಗೆ ಹತ್ತಿರವಾಯಿತು.

“ಒಂಬತ್ತು ವರ್ಷ ಯಾಕೆ ಹೇಳ್ಲಿಲ್ಲ ಅಕ್ಕಾ?”

“ಇವರು ಬೇಡ ಅಂದ್ರು. ನಾನೂ ಹೇಡಿ, ಸುಮ್ನಾದೆ. ಬೈಗುಳ ಎಲ್ಲಾ ಇವರೇ ತಿಂದ್ರು.” ಅವಳು ಷಟರನ್ನೊಮ್ಮೆ ತಟ್ಟಿದಳು. “ಅವತ್ತು ಕಂಬ ಸುಳ್ಳು ಹೇಳಿದ್ದು ನನ್ನ ಹಗ್ಗದಿಂದ. ಇವತ್ತು ಹಗ್ಗ ಬಿಚ್ಚಿದೀವಿ. ಬೈಯೋದಿದ್ರೆ ಸೇತುವೆ ದಾಟಿ ಬೈ, ದಿನವಿಡೀ ಕೂತು ಕೇಳ್ತೀನಿ. ಈಗ ಮಗಳನ್ನ, ಕೂಸನ್ನ ಕರ್ಕೊಂಡು ಬಾ. ನೀನು ಬರೋತನಕ ಇವರು ಇಲ್ಲಿಂದ ಕದಲಲ್ಲ. ನಾನೂ ಕದಲಲ್ಲ.”

“ಅಮ್ಮಾ, ಎಪ್ಪತ್ತೊಂದು,” ಎಂದಳು ಶಿಷ್ಯೆ.

ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಹೆಜ್ಜೆ ಕೀಳಲಿಲ್ಲ.

ಷಟರ್ ಕಿರುಗುಟ್ಟುತ್ತ ಮೇಲೆದ್ದಿತು. ಬೇಕರಿಯವನು ಬ್ರೆಡ್ಡಿನ ತಳ್ಳುಗಾಡಿಯನ್ನು ಹೊರಗೆ ದಬ್ಬಿದ. ಅದರ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಮಗಳು, ಮಗಳ ಎದೆಗೆ ಅವುಚಿದ ಕೂಸು. ಅವನು ಟೈಲರಮ್ಮನ ಕಡೆ ನೋಡಲಿಲ್ಲ. “ನಡೀರಿ,” ಎಂದಷ್ಟೇ ಹೇಳಿ ಗಾಡಿ ತಳ್ಳಿದ.

ಸ್ಮಶಾನದ ದಾರಿ ಬಲಕ್ಕಿತ್ತು. ಎಲ್ಲರೂ ಎಡಕ್ಕೆ ತಿರುಗಿ ಸೇತುವೆ ಹತ್ತಿದರು.

*

ಶಾಲೆಯ ಮೈದಾನದಲ್ಲಿ ಎರಡು ಬೆಂಚು ಜೋಡಿಸಿ ಅವರನ್ನು ಇಳಿಸಿದರು. ಶಿಷ್ಯೆ ಎರಡು ಸಲ ತಲೆ ಎಣಿಸಿದಳು. ಎಂಬತ್ತೇಳು, ಕೂಸನ್ನೂ ಸೇರಿಸಿ. ಮಧ್ಯಾಹ್ನದ ಬಿಸಿಲು ಚುರುಕಾಗಿತ್ತು. ಅರ್ಧ ಗಂಟೆ ಕಳೆಯಿತು. ಕೆಲವರು ಗುಸುಗುಸು ಶುರುಮಾಡಿದರು. ಕೋಲಿನ ಮುದುಕ ಊಟದ ಮಾತೆತ್ತಿದ.

ಆಗ ನದಿಯಾಚೆ, ದೊಡ್ಡ ಲಾರಿಯಿಂದ ಜಲ್ಲಿ ಸುರಿದಂತೆ ಸದ್ದು ಕೇಳಿತು. ಸದ್ದು ನಿಲ್ಲಲಿಲ್ಲ. ಗುಡ್ಡದ ಮೇಲ್ಭಾಗ ಮರಗಳ ಸಮೇತ ಕೆಳಗಿಳಿಯಿತು. ಬಿಳಿ ಕಂಬ ಬೀಳಲಿಲ್ಲ. ಅಂಗಳದ ತುಂಡೊಂದರ ಮೇಲೆ ನೆಟ್ಟಗೆ ನಿಂತೇ ಇಳಿಜಾರಿನಲ್ಲಿ ಜಾರುತ್ತ, ಟೈಲರಮ್ಮನ ಮನೆಯ ಹೆಂಚುಗಳನ್ನು ಹಿಂದೆ ಬಿಟ್ಟು, ಕೆಳಗಿನ ಬೀದಿಯವರೆಗೆ ಬಂತು. ಆಮೇಲೆ ಧೂಳು ಎಲ್ಲವನ್ನೂ ಮುಚ್ಚಿತು. ಧೂಳು ಇಳಿದಾಗ ಬೇಕರಿಯ ಚಿಮಣಿ ಇರಲಿಲ್ಲ.

ಹೆಂಗಸರು ಅಳತೊಡಗಿದರು. ಬೇಕರಿಯವನು ತಳ್ಳುಗಾಡಿಯ ಹಿಡಿ ಬಿಡದೆ ನಿಂತೇ ಇದ್ದ. ಬಹಳ ಹೊತ್ತಿನ ಮೇಲೆ ಬೆಂಚಿನ ಬಳಿ ಬಂದು, ಸತ್ತವರ ಕಾಲಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ.

ಟೈಲರಮ್ಮ ಶಿಷ್ಯೆಯ ಕಡೆ ತಿರುಗಿದಳು.

“ಎಷ್ಟು?”

ಶಿಷ್ಯೆ ಫೋನು ನೋಡಿದಳು. ಹೊಸ ಅಂಕಿ ಬರುತ್ತಿರಲಿಲ್ಲ. “ಕೊನೇಗೆ ಬಂದಿದ್ದು ನಾನೂರ ಹನ್ನೆರಡು ಅಮ್ಮಾ. ಆಮೇಲೆ ನಿಂತುಹೋಯ್ತು.”

ಟೈಲರಮ್ಮ ಬೆಂಚಿನ ತುದಿಯಲ್ಲಿ ಕುಳಿತು, ಗಂಡನ ಕಿವಿಯ ಮೇಲೆ ಬಿದ್ದಿದ್ದ ಹೂವನ್ನು ಸರಿಸಿ, ಬಾಗಿ, ಆ ಅಂಕಿಯನ್ನು ಅವರಿಗೆ ಹೇಳಿದಳು.